ಸಹಾಯ ಬೇಕು: ಬೋಟ್ ಎಂಜಿನ್ ನಡುಕದಲ್ಲಿ ವಿಡಿಯೋ ಜೆಲ್ಲಿಯಂತೆ ಅಲುಗುತ್ತಿದೆ

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟಿನಿಂದಲೇ ಅಲ್ಲಿನ ಶಿಲಾಕಂಬಗಳ ಶಾಟ್ ಬೇಕು. ಕ್ಯಾಮೆರಾ ಹೊಸ ಮಿರರ್‌ಲೆಸ್. 25 ಫ್ರೇಮ್, ಶಟರ್ 1/50, ಐಎಸ್‌ಓ 100, ಎಫ್ 5.6. ಸುಡುಬಿಸಿಲಿಗೆ ಇದು ಸುಮಾರು 4 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಜಾಸ್ತಿ, ಹಾಗಾಗಿ ಬೆಳಕನ್ನು ಹದಿನಾರನೇ ಒಂದು ಪಾಲಿಗೆ ಇಳಿಸುವ ಫಿಲ್ಟರ್ ಎನ್‌ಡಿ 16 ಹಾಕಿದ್ದೇನೆ. (ತಿರುಗಿಸಿ ಗಾಢತೆ ಬದಲಿಸುವ ವೇರಿಯಬಲ್ ಎನ್‌ಡಿ ಸಲಹೆ ದಯವಿಟ್ಟು ಬೇಡ. ಅದರೊಳಗೇ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಪೋಲರೈಸರ್ ಇರುವುದರಿಂದ ನೀರಿನ ಹೊಳಪು, ಆಕಾಶದ ಬಣ್ಣ ಎರಡೂ ಏರುಪೇರಾಗುತ್ತವೆ.)

ಅಲೆಯ ತೂಗಾಟವನ್ನು ಸ್ಟೆಬಿಲೈಸೇಶನ್ ಒಂದು ಮಟ್ಟಿಗೆ ತಡೆಯುತ್ತದೆ. ಡೀಸೆಲ್ ಎಂಜಿನ್ನಿನ ಸಣ್ಣ, ವೇಗದ ನಡುಕವನ್ನು ತಡೆಯುವುದಿಲ್ಲ. ಸೆನ್ಸರ್ ಸಾಲುಸಾಲಾಗಿ ಓದುವುದರಿಂದ, ಮೊಣಕೈಯನ್ನು ರೇಲಿಂಗಿಗೆ ಊರಿದ ಕೂಡಲೇ ನೆಟ್ಟಗಿನ ಕಂಬಗಳು ಬಳುಕುತ್ತವೆ. ಟ್ರೈಪಾಡಿನಲ್ಲಿ ಇನ್ನೂ ಕೆಟ್ಟದು. ಮಂಡಿ ಸಡಿಲಿಸಿ, ಏನಕ್ಕೂ ಒರಗದೆ ಕೈಯಲ್ಲೇ ಹಿಡಿದರೆ ಬಳುಕು ಹೋಗುತ್ತದೆ, ಆದರೆ ಲೆನ್ಸ್‌ನ ಜೂಮ್ 70 ಮಿ.ಮೀ. ದಾಟಿದರೆ ಕ್ಷಿತಿಜ ಓಲಾಡುತ್ತದೆ.

ಬೋಟಿನಲ್ಲಿ ನಿಜವಾಗಿ ಶೂಟ್ ಮಾಡಿದವರು ಹೇಳಿ: ಗಿಂಬಲ್ (ಮೋಟಾರುಗಳಿಂದ ಕ್ಯಾಮೆರಾವನ್ನು ಸಮವಾಗಿ ಹಿಡಿಯುವ ಹಿಡಿಕೆ) ಈ ನಡುಕವನ್ನು ಹೀರುತ್ತದೆಯೇ, ಇಲ್ಲ ಅದರ ಮೋಟಾರೇ ಕಂಪಿಸುತ್ತದೆಯೇ? ಉಪ್ಪು ನೀರಿನ ಸಿಂಚನದಿಂದ ಮೋಟಾರಿನ ಕೀಲುಗಳನ್ನು ಹೇಗೆ ಕಾಪಾಡುತ್ತೀರಿ? ಲೆನ್ಸ್ ಮೇಲೆ ಬಿದ್ದ ಹನಿಯನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳು ಗೀರುತ್ತದೆ. ಮೊದಲು ಸಿಹಿನೀರಲ್ಲಿ ಒದ್ದೆ ಮಾಡಿದ ಬಟ್ಟೆ ಸಾಕೇ?