ಬಿಲ್ ಪಾವತಿಸಿದ ಮೇಲೂ ಕಳ್ಳತನದ ಅನುಮಾನ: ಮಳಿಗೆಯಿಂದ ಲಿಖಿತ ಕ್ಷಮೆ ಪಡೆಯುವುದು ಹೇಗೆ?

ಪ್ರಶ್ನೆ: ಶಿಕ್ಷಕಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಕಳೆದ ವಾರ ಸಂಜೆ ಇಲ್ಲಿನ ದೊಡ್ಡ ಮಳಿಗೆಯೊಂದರಲ್ಲಿ ದಿನಸಿಯನ್ನೂ ಮಗಳಿಗೊಂದು ಫ್ರಾಕನ್ನೂ ಕೊಂಡು, 1,340 ರೂಪಾಯಿಯನ್ನು ಯುಪಿಐ ಮೂಲಕ ಪಾವತಿಸಿ, ಬಿಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಟಿದ್ದೆ. ಬಾಗಿಲಿನ ಎರಡು ಬದಿಯ ಕಂಬಗಳ ನಡುವೆ ಕಾಲಿಟ್ಟ ಕೂಡಲೇ ಅಲಾರಾಂ ಕೂಗಿತು. ಕಾವಲಿನವರು ನನ್ನ ಕೈಚೀಲವನ್ನು ತೆಗೆದುಕೊಂಡು, ಅಲ್ಲೇ ಬಾಗಿಲ ಬಳಿಯ ಮೇಜಿನ ಮೇಲೆ ಅದರಲ್ಲಿದ್ದುದನ್ನೆಲ್ಲ ಸುರಿದರು. ಔಷಧದ ಚೀಟಿ, ಮಕ್ಕಳ ಉತ್ತರ ಪತ್ರಿಕೆಗಳು, ನನ್ನ ಖಾಸಗಿ ಸಾಮಾನು ಎಲ್ಲವೂ ಸಾಲಿನಲ್ಲಿ ನಿಂತಿದ್ದವರ ಕಣ್ಣ ಮುಂದೆ ಹರಡಿಕೊಂಡಿದ್ದವು. ಆ ಸಾಲಿನಲ್ಲಿ ನನ್ನ ತರಗತಿಯ ಇಬ್ಬರು ಮಕ್ಕಳ ಪೋಷಕರೂ ಇದ್ದರು. "ಓದಿದವರೇ ಹೀಗೆ ಮಾಡಿದರೆ ಹೇಗೆ" ಎಂದು ಒಬ್ಬರು ಸಿಬ್ಬಂದಿ ಎಲ್ಲರಿಗೂ ಕೇಳುವಂತೆ ಹೇಳಿದರು.

ಚೀಲದಲ್ಲಿ ಏನೂ ಸಿಗದಿದ್ದಾಗ ನನ್ನನ್ನು ಟ್ರಯಲ್ ರೂಮಿನ ಹಿಂದಿನ ಕೋಣೆಗೆ ಕರೆದೊಯ್ದು, ಹೊರಗೆ ಒಬ್ಬರನ್ನು ನಿಲ್ಲಿಸಿ, ಮಹಿಳಾ ಸಿಬ್ಬಂದಿಯೊಬ್ಬರಿಂದ ಮೈ ತಡವಿಸಿದರು. ಮನೆಗೆ ಫೋನ್ ಮಾಡುತ್ತೇನೆಂದರೆ "ಮೊದಲು ಇದು ಮುಗಿಯಲಿ" ಎಂದರು. ಕೊನೆಗೆ ಗೊತ್ತಾದ ಕಾರಣ ಇಷ್ಟೇ: ಬೆಂಗಳೂರಿನ ಬೇರೊಂದು ಅಂಗಡಿಯಲ್ಲಿ ಕೊಂಡು ಅಂದೇ ಮೊದಲ ಬಾರಿ ಉಟ್ಟಿದ್ದ ಕುರ್ತಾದ ಒಳಹೊಲಿಗೆಯಲ್ಲಿ, ಒಗೆಯುವ ಸೂಚನೆಯ ಪಟ್ಟಿಯ ಹಿಂದೆ, ಕತ್ತರಿಯ ಚಿತ್ರವಿದ್ದ ಒಂದು ಬಿಳಿ ಬಟ್ಟೆಯ ತುಂಡು ಉಳಿದುಬಿಟ್ಟಿತ್ತು. ಮ್ಯಾನೇಜರ್ ಬಂದು "ಇದೆಲ್ಲ ಆಗ್ತಾ ಇರುತ್ತೆ ಮೇಡಂ" ಎಂದು ಹೇಳಿ, 500 ರೂಪಾಯಿಯ ವೋಚರ್ ಮುಂದಿಟ್ಟು, ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡರು. ಅಲ್ಲಿ "ನನ್ನದು ಯಾವುದೇ ದೂರು ಇರುವುದಿಲ್ಲ" ಎಂದು ಮೊದಲೇ ಬರೆದಿತ್ತು. ಹೇಗಾದರೂ ಹೊರಗೆ ಹೋದರೆ ಸಾಕೆಂಬ ಸ್ಥಿತಿಯಲ್ಲಿ ಸಹಿ ಹಾಕಿದೆ; ವೋಚರನ್ನು ಮಾತ್ರ ಮುಟ್ಟಲಿಲ್ಲ. ಕಂಪನಿಯ ಗ್ರಾಹಕ ಸೇವೆಗೆ ಬರೆದ ಇಮೇಲ್‌ಗೆ "ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂಬ ಒಂದು ಸಾಲಿನ ಉತ್ತರ ಬಂದಿದೆ.

ನನಗೆ ಹಣ ಬೇಕಿಲ್ಲ. ನಾನು ಏನನ್ನೂ ಕದ್ದಿರಲಿಲ್ಲ, ತಪ್ಪು ಮಳಿಗೆಯದೇ ಎಂದು ಅವರು ಬರೆದು ಕೊಡಬೇಕು. ಅದನ್ನು ನಾನು ಆ ಪೋಷಕರಿಗೂ ನಮ್ಮ ಮುಖ್ಯೋಪಾಧ್ಯಾಯರಿಗೂ ತೋರಿಸುವಂತಿರಬೇಕು. ಇದಕ್ಕೆ ಕಾನೂನಿನಲ್ಲಿ ದಾರಿ ಇದೆಯೇ? ಆ ಸಹಿಯಿಂದ ನನ್ನ ಹಕ್ಕು ಹೋಯಿತೇ?

ಉತ್ತರ: ಮಳಿಗೆ ನಿರ್ವಹಣೆಯಲ್ಲಿ ಕೆಲಸ ಮಾಡಿದವರು, ಬೆಂಗಳೂರು

ಮೇಡಂ, ತಮಗಾದದ್ದನ್ನು ಓದಿ ಬೇಸರವಾಯಿತು. ಬೇರೊಂದು ಸರಣಿ ಮಳಿಗೆಯಲ್ಲಿ ಹಲವು ವರ್ಷ ಮಹಡಿ ಮೇಲ್ವಿಚಾರಕನಾಗಿದ್ದವನಾಗಿ, ತಮ್ಮ ದೂರಿಗೆ ಬಲ ಕೊಡಬಹುದಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಬಾಗಿಲಿನ ಆ ಕಂಬಗಳಿಗೆ ವಸ್ತು ಯಾವ ಅಂಗಡಿಯದು, ಅದಕ್ಕೆ ಹಣ ಕೊಟ್ಟಿದ್ದಾರೋ ಇಲ್ಲವೋ ಎಂಬುದು ತಿಳಿಯುವುದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎರಡು ಬಗೆಗಳಲ್ಲಿ ಒಂದು 8.2 ಮೆಗಾಹರ್ಟ್ಸ್‌ನಲ್ಲಿಯೂ ಇನ್ನೊಂದು 58 ಕಿಲೋಹರ್ಟ್ಸ್‌ನಲ್ಲಿಯೂ ಕೆಲಸ ಮಾಡುತ್ತದೆ. ಅದೇ ಬಗೆಯ ಯಾವ ಟ್ಯಾಗ್ (ಕಳ್ಳತನ ತಡೆಯಲು ವಸ್ತುವಿಗೆ ಹಚ್ಚುವ, ತಮ್ಮ ಕುರ್ತಾದಲ್ಲಿದ್ದ ಬಿಳಿ ತುಂಡಿನಂಥ ಗುರುತು) ನಿಷ್ಕ್ರಿಯವಾಗದೆ ಹತ್ತಿರ ಬಂದರೂ ಅಲಾರಾಂ ಕೂಗುತ್ತದೆ. ಕೌಂಟರಿನಲ್ಲಿ ಅಂಟು ಟ್ಯಾಗನ್ನು ಪ್ಯಾಡಿನ ಮೇಲೆ ಉಜ್ಜಿ ನಿಷ್ಕ್ರಿಯಗೊಳಿಸಬೇಕು, ಗಟ್ಟಿ ಟ್ಯಾಗನ್ನು ಕೀಳಬೇಕು. ಒಳಹೊಲಿಗೆಯ ಬಟ್ಟೆಯ ಟ್ಯಾಗನ್ನು ಕೊಂಡವರೇ ಕತ್ತರಿಸಿಕೊಳ್ಳಲಿ ಎಂದು ಬಹಳ ಕಡೆ ಬಿಟ್ಟುಬಿಡುತ್ತಾರೆ. ಬೇರೆ ಅಂಗಡಿಯ ಟ್ಯಾಗಿನಿಂದ ಅಲಾರಾಂ ಕೂಗುವುದು ಈ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತಿರುವ ವಿಚಾರ. ಆದ್ದರಿಂದಲೇ ನಮಗೆ ಕಲಿಸಿದ್ದ ಮೊದಲ ಪಾಠ, ಅಲಾರಾಂ ಕೂಗಿದರೆ ಗ್ರಾಹಕರ ಕ್ಷಮೆ ಕೇಳಿ, ಬಹುಶಃ ಟ್ಯಾಗ್ ತೆಗೆಯುವುದನ್ನು ನಾವೇ ಮರೆತಿರಬಹುದು ಎಂದು ಹೇಳಿ, ಬಿಲ್ ನೋಡಿ, ಚೀಲವನ್ನು ಮಾತ್ರ ಇನ್ನೊಮ್ಮೆ ಕಂಬಗಳ ನಡುವೆ ದಾಟಿಸಿ ನೋಡುವುದು. ಚೀಲ ಕೂಗದಿದ್ದರೆ ಉಟ್ಟ ಬಟ್ಟೆಯಲ್ಲೋ ಚಪ್ಪಲಿಯಲ್ಲೋ ಹಳೆಯ ಟ್ಯಾಗ್ ಇರಬಹುದೆಂದು ಅಲ್ಲೇ ಊಹಿಸಬಹುದಿತ್ತು. ಅಷ್ಟನ್ನು ಮಾಡದೆ ಚೀಲ ಸುರಿದದ್ದು ತರಬೇತಿಯ ಕೊರತೆ, ಮತ್ತು ಅದಕ್ಕೆ ಉತ್ತರ ಕೊಡಬೇಕಾದವರು ಆಡಳಿತದವರೇ.

ಈಗ ತುರ್ತಾಗಿ ಆಗಬೇಕಾದದ್ದು ಸಿಸಿಟಿವಿಯ ವಿಚಾರ. ಧ್ವನಿಮುದ್ರಣವಿಲ್ಲದಿದ್ದರೂ ದೃಶ್ಯ ಇರುತ್ತದೆ, ಆದರೆ ಹಾರ್ಡ್ ಡಿಸ್ಕ್ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ; ಹೆಚ್ಚಿನ ಮಳಿಗೆಗಳಲ್ಲಿ ಕೆಲವೇ ವಾರಗಳ ದೃಶ್ಯ ಉಳಿಯುತ್ತದೆ. ಬಾಗಿಲು, ಬಿಲ್ಲಿಂಗ್ ಕೌಂಟರು, ಹಿಂದಿನ ಕೋಣೆಗೆ ಹೋಗುವ ದಾರಿ, ಈ ಮೂರೂ ಕಡೆಯ ದೃಶ್ಯವನ್ನು ದಿನಾಂಕ ಮತ್ತು ಸಮಯ ಸಹಿತ ತೆಗೆದಿಡಬೇಕೆಂದು ಇಂದೇ ಬರೆದು ತಿಳಿಸಿರಿ. ಆ ಬಿಳಿ ತುಂಡನ್ನು ಎಸೆಯಬೇಡಿ, ಕುರ್ತಾ ಕೊಂಡ ಬಿಲ್ಲನ್ನೂ ಹುಡುಕಿಡಿ. ಮಳಿಗೆಯ ಬಿಲ್ ಥರ್ಮಲ್ ಕಾಗದದ್ದಾದರೆ ಅಕ್ಷರ ಬೇಗ ಮಾಸಿಹೋಗುತ್ತದೆ. ಈಗಲೇ ಜೆರಾಕ್ಸ್ ಮಾಡಿಸಿಕೊಳ್ಳಿ.

ಉತ್ತರ: ವಕೀಲರು, ಹುಬ್ಬಳ್ಳಿ

ಮೇಲಿನವರು ಹೇಳಿದ ಸಿಸಿಟಿವಿ ವಿಚಾರವನ್ನು ನಾನೂ ಒತ್ತಿ ಹೇಳುತ್ತೇನೆ. ಕಾನೂನಿನ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗುತ್ತದೆ.

ಮಳಿಗೆಯ ಕಾವಲುಗಾರರಿಗೆ ಪೊಲೀಸರ ಅಧಿಕಾರ ಇಲ್ಲ. ಖಾಸಗಿ ಭದ್ರತಾ ಸಂಸ್ಥೆಗಳನ್ನು ನಿಯಂತ್ರಿಸುವ 2005ರ ಕಾಯ್ದೆ ಸಂಸ್ಥೆಗೆ ಪರವಾನಗಿಯನ್ನೂ ಸಿಬ್ಬಂದಿಗೆ ತರಬೇತಿಯನ್ನೂ ಕಡ್ಡಾಯ ಮಾಡಿದೆಯೇ ಹೊರತು ಜನರ ಚೀಲವನ್ನಾಗಲಿ ಮೈಯನ್ನಾಗಲಿ ಶೋಧಿಸುವ ಹಕ್ಕನ್ನು ಕೊಟ್ಟಿಲ್ಲ. ಸಾಮಾನ್ಯ ನಾಗರಿಕನೊಬ್ಬ ಇನ್ನೊಬ್ಬನನ್ನು ಹಿಡಿದಿಡಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಅವಕಾಶ ಕೊಡುತ್ತದೆ ನಿಜ, ಆದರೆ ಅದು ಕಣ್ಣೆದುರಿನಲ್ಲೇ ಜಾಮೀನಿಲ್ಲದ, ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧ ನಡೆದಾಗ ಮಾತ್ರ. ಆಗಲೂ ವಿಳಂಬ ಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಅಲಾರಾಂ ಕೂಗಿದ್ದು ಕಣ್ಣೆದುರಿನ ಅಪರಾಧವಾಗುವುದಿಲ್ಲ. ತಮ್ಮನ್ನು ಕೋಣೆಯಲ್ಲಿ ಕೂರಿಸಿ, ಹೊರಗೆ ಆಳು ನಿಲ್ಲಿಸಿ, ಫೋನಿಗೂ ಬಿಡದಿದ್ದುದು ಅಕ್ರಮವಾಗಿ ಕೂಡಿಹಾಕಿದಂತೆಯೇ. ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮಿನಡಿ ಅದಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ. ಇದು ಎಫ್ಐಆರ್ ದಾಖಲಿಸಬಹುದಾದ ಅಪರಾಧ. ಆದರೂ ಠಾಣೆಯಲ್ಲಿ "ಸಿವಿಲ್ ಸ್ವರೂಪದ್ದು" ಎಂಬ ಹಿಂಬರಹ (ಠಾಣೆಯ ಲಿಖಿತ ಉತ್ತರ) ಕೊಟ್ಟು ಕಳುಹಿಸುವುದುಂಟು. ಆ ಹಿಂಬರಹವನ್ನು ಕೂಡ ಬಿಡದೆ ಪಡೆದುಕೊಳ್ಳಿ, ಮುಂದೆ ಎಸ್‌ಪಿ ಅವರಿಗೆ ಬರೆಯಲು, ನಂತರ ಮ್ಯಾಜಿಸ್ಟ್ರೇಟರ ಬಳಿ ಹೋಗಲು ಅದು ಬೇಕಾಗುತ್ತದೆ.

ಎಲ್ಲರ ಮುಂದೆ ಆಡಿದ ಮಾತು ಮಾನನಷ್ಟಕ್ಕೆ, ಅಂದರೆ ಅದೇ ನ್ಯಾಯ ಸಂಹಿತೆಯ 356ನೇ ಕಲಮಿಗೆ, ಬರುತ್ತದೆ. ಅದಕ್ಕೆ ಪೊಲೀಸ್ ದೂರಲ್ಲ, ನೊಂದವರೇ ಮ್ಯಾಜಿಸ್ಟ್ರೇಟರಿಗೆ ಖಾಸಗಿ ದೂರು ಕೊಡಬೇಕು. ಅಲ್ಲಿ ಆ ಇಬ್ಬರು ಪೋಷಕರ ಸಾಕ್ಷ್ಯವಿಲ್ಲದೆ ಪ್ರಕರಣ ನಿಲ್ಲುವುದು ಕಷ್ಟ. ಅವರು ನ್ಯಾಯಾಲಯಕ್ಕೆ ಬರಲು ಸಿದ್ಧರಿದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಿ.

ತಮ್ಮ ಉದ್ದೇಶವನ್ನು ನೋಡಿದರೆ ನನಗೆ ಸರಿ ಕಾಣುವುದು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ತಾವು ಹಣ ಕೊಟ್ಟು ಸಾಮಾನು ಕೊಂಡಿದ್ದೀರಿ, ಬಿಲ್ ಇದೆ, ಆದ್ದರಿಂದ ತಾವು ಗ್ರಾಹಕರು. ಏನನ್ನೂ ಕೊಳ್ಳದೆ ಬರಿಗೈಯಲ್ಲಿ ಹೊರಟವರಿಗೆ ಈ ಅಂಶವೇ ದೊಡ್ಡ ತೊಡಕಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಆಯೋಗದ ವ್ಯಾಪ್ತಿಯನ್ನು ಕೇಳುವ ಪರಿಹಾರದ ಮೊತ್ತದಿಂದ ಅಳೆಯದೆ, ಕೊಟ್ಟ ಬೆಲೆಯಿಂದ ಅಳೆಯುತ್ತಾರೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಕಂಪನಿಯ ಕಚೇರಿ ಎಲ್ಲೇ ಇರಲಿ, ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರಿಲ್ಲದೆ ತಾವೇ ವಾದಿಸಬಹುದು. ಆನ್‌ಲೈನಿನಲ್ಲಿ ಸಲ್ಲಿಸುವುದಾದರೆ 2025ರ ಜನವರಿಯಲ್ಲಿ ಬಂದ ಇ-ಜಾಗೃತಿ ಪೋರ್ಟಲ್ ಇದೆ. ದೂರಿಗೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಂದಾಯಿಸಿದರೆ ಕೆಲವು ಕಂಪನಿಗಳು ಆ ಹಂತದಲ್ಲೇ ಮಾತಿಗೆ ಬರುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. ಆಯೋಗ ಕೊಡಬಹುದಾದ ಆದೇಶಗಳ ಪಟ್ಟಿ ಗ್ರಾಹಕ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನಲ್ಲಿದೆ. ಪರಿಹಾರ, ಖರ್ಚು, ಸೇವೆಯ ಲೋಪವನ್ನು ಸರಿಪಡಿಸುವುದು ಎಲ್ಲವೂ ಅದರಲ್ಲಿವೆ, ಆದರೆ ಕ್ಷಮಾಪಣೆ ಪತ್ರ ಎಂಬ ಮಾತು ಅಲ್ಲಿಲ್ಲ. ತಮಗೆ ಬೇಕಾದದ್ದು ಆ ಪತ್ರವೇ ಆದ್ದರಿಂದ, ಅದು ಸಿಗುವ ಸಾಧ್ಯತೆ ಹೆಚ್ಚಿರುವುದು ರಾಜಿಯಲ್ಲಿ. ಅದೇ ಕಾಯ್ದೆ ಎರಡೂ ಕಡೆಯವರು ಒಪ್ಪಿದರೆ ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳುಹಿಸಲು ಅವಕಾಶ ಕೊಟ್ಟಿದೆ, ಮತ್ತು ಅಲ್ಲಿ ಪತ್ರದ ಒಕ್ಕಣೆಯನ್ನು ಕೂಡ ಒಪ್ಪಂದದಲ್ಲೇ ಬರೆಸಿಕೊಳ್ಳಬಹುದು. ಹಾಗಾಗಿ ಹಣ ಬೇಡವೆಂದು ನೋಟಿಸಿನಲ್ಲಿ ಬರೆಯಬೇಡಿ. ಪರಿಹಾರವನ್ನೂ ಕೇಳಿ, ಪತ್ರವನ್ನೂ ಕೇಳಿ. ಹಣದ ಬೇಡಿಕೆ ಇಲ್ಲದಿದ್ದರೆ ಕಂಪನಿಗೆ ಪತ್ರ ಕೊಡುವ ತುರ್ತು ಇರುವುದಿಲ್ಲ.

ಉತ್ತರ: ಬ್ಯಾಂಕ್ ನಿವೃತ್ತರು, ಮಂಗಳೂರು

ವಕೀಲರ ಮಾತನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ರಾಜಿ ಎಂದರೆ ಮುಚ್ಚಿದ ಬಾಗಿಲಿನೊಳಗಿನ ಮಾತು. ತಮಗೆ ಅವಮಾನವಾದದ್ದು ಹತ್ತಾರು ಜನರ ಮುಂದೆ. ಅದರ ನಿವಾರಣೆಯೂ ಅಷ್ಟೇ ಬಹಿರಂಗವಾಗಿ ಆಗಬೇಕು. ಪಕ್ಕದ ಕೇರಳದ ಆಟ್ಟಿಂಗಲ್‌ನಲ್ಲಿ 2021ರ ಆಗಸ್ಟಿನಲ್ಲಿ ಮೊಬೈಲ್ ಕದ್ದರೆಂದು ಒಬ್ಬ ತಂದೆಯನ್ನೂ ಅವರ ಎಂಟು ವರ್ಷದ ಮಗಳನ್ನೂ ಮಹಿಳಾ ಪೊಲೀಸ್ ಸಿಬ್ಬಂದಿಯೊಬ್ಬರು ರಸ್ತೆಯಲ್ಲೇ ಗದರಿಸಿದ್ದರು. ಮೊಬೈಲ್ ಕೊನೆಗೆ ಪೊಲೀಸ್ ವಾಹನದಲ್ಲೇ ಸಿಕ್ಕಿತ್ತು. ದಾರಿಹೋಕರು ತೆಗೆದ ವಿಡಿಯೊ ಹರಡದಿದ್ದರೆ ಆ ಮಗುವಿನ ಅಳು ಯಾರಿಗೂ ಕೇಳುತ್ತಿರಲಿಲ್ಲ. ಅದೇ ಡಿಸೆಂಬರಿನಲ್ಲಿ ಕೇರಳ ಹೈಕೋರ್ಟ್ ಸರ್ಕಾರವು ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ತಾವೂ ಮಳಿಗೆಯ ಹೆಸರು ಹಾಕಿ ನಡೆದದ್ದನ್ನು ಬರೆಯಿರಿ. ಕಂಪನಿಗಳು ಹೆದರುವುದು ಆಯೋಗಕ್ಕಲ್ಲ, ಜನರ ಬಾಯಿಗೆ.

ಉತ್ತರ: ವಕೀಲರು, ಹುಬ್ಬಳ್ಳಿ

ಹಿರಿಯರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಆ ಪ್ರಕರಣದಲ್ಲಿ ತಪ್ಪು ಮಾಡಿದವರು ಪೊಲೀಸರು, ಅಂದರೆ ಸರ್ಕಾರ. ಆದ್ದರಿಂದ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯನ್ನು ಹಿಡಿದು ನೇರವಾಗಿ ಹೈಕೋರ್ಟಿಗೆ ಹೋಗಲು ಸಾಧ್ಯವಾಯಿತು. ಖಾಸಗಿ ಮಳಿಗೆಯ ವಿರುದ್ಧ ಆ ದಾರಿ ಸಾಮಾನ್ಯವಾಗಿ ತೆರೆಯುವುದಿಲ್ಲ. ಬಹಿರಂಗವಾಗಿ ಬರೆಯುವುದು ತಪ್ಪೆಂದು ನಾನು ಹೇಳುವುದಿಲ್ಲ, ಆದರೆ ದೃಶ್ಯಾವಳಿ ಕೈಗೆ ಸಿಗುವ ಮೊದಲು ಸಿಬ್ಬಂದಿಯ ಹೆಸರು, ಮುಖ ಹಾಕಿ ಬರೆದರೆ ಮಾನನಷ್ಟದ ನೋಟಿಸ್ ಮೇಡಂ ಅವರಿಗೇ ಬರಬಹುದು. ಅಲಾರಾಂ ಬಳಿ ನಿಂತಿದ್ದ ಆ ಹುಡುಗನ ಸಂಬಳವೂ ಹೆಚ್ಚೇನಿರುವುದಿಲ್ಲ. ಕಂಪನಿ ಅವನೊಬ್ಬನನ್ನು ಕೆಲಸದಿಂದ ತೆಗೆದು ಕೈತೊಳೆದುಕೊಂಡರೆ ಮುಂದಿನ ಗ್ರಾಹಕರಿಗೂ ಇದೇ ಆಗುತ್ತದೆ.

ಪ್ರಶ್ನೆ ಕೇಳಿದವರು: ಶಿಕ್ಷಕಿ, ತುಮಕೂರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸಿಸಿಟಿವಿ ಉಳಿಸಿಡಬೇಕೆಂಬ ಪತ್ರವನ್ನು ಇಂದು ಮಳಿಗೆಗೇ ಹೋಗಿ ಕೊಟ್ಟೆ. ಮ್ಯಾನೇಜರ್ ಮೊದಲು ತೆಗೆದುಕೊಳ್ಳಲು ಒಪ್ಪಲಿಲ್ಲ, ನಂತರ ಪ್ರತಿಯ ಮೇಲೆ ಮೊಹರು ಹಾಕಿ ಕೊಟ್ಟರು. ಪೋಷಕರಲ್ಲಿ ಒಬ್ಬರು ತಾವಾಗಿಯೇ ಫೋನ್ ಮಾಡಿ, ಬೇಕಾದರೆ ಬರೆದು ಕೊಡುತ್ತೇನೆ ಎಂದಿದ್ದಾರೆ. ಹಿಂದಿನ ಕೋಣೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ, ಆದರೂ ಆಯೋಗದ ದಾರಿಯನ್ನೇ ಹಿಡಿಯುತ್ತೇನೆ. ಉಳಿದಿರುವುದು ಆ ರಿಜಿಸ್ಟರಿನ ಸಹಿಯ ಚಿಂತೆ. ಕಾಲಮಿತಿ ಎಷ್ಟು, ನೋಟಿಸನ್ನು ಯಾರ ಹೆಸರಿಗೆ ಕಳುಹಿಸಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ವಕೀಲರು, ಹುಬ್ಬಳ್ಳಿ

ಮೊಹರು ಹಾಕಿಸಿಕೊಂಡದ್ದು ಬಹಳ ಒಳ್ಳೆಯದಾಯಿತು. ಇನ್ನು ಮುಂದೆ ದೃಶ್ಯ ಅಳಿಸಿಹೋಗಿದೆ ಎಂದರೆ, ಅಳಿಸಲು ಬಿಟ್ಟದ್ದು ಏಕೆ ಎಂದು ಆಯೋಗದ ಮುಂದೆ ಅವರೇ ಹೇಳಬೇಕಾಗುತ್ತದೆ. ದೃಶ್ಯ ಕೊಟ್ಟರೆ ಅದರ ಜೊತೆಗೆ ವಿದ್ಯುನ್ಮಾನ ದಾಖಲೆಯನ್ನು ದೃಢೀಕರಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಕೇಳಿ.

ಸಹಿಯಿಂದ ತಮ್ಮ ಹಕ್ಕು ಹೋಗಿಲ್ಲ. ಕೂಡಿಹಾಕಿದ ಸ್ಥಿತಿಯಲ್ಲಿ, ಮೊದಲೇ ಬರೆದಿಟ್ಟ ವಾಕ್ಯದ ಕೆಳಗೆ ಪಡೆದ ಸಹಿ ಸ್ವಇಚ್ಛೆಯದ್ದಲ್ಲ ಎಂದು ವಾದಿಸಲು ಪೂರ್ತಿ ಅವಕಾಶವಿದೆ. ವೋಚರನ್ನು ತಾವು ತೆಗೆದುಕೊಳ್ಳದಿದ್ದುದು ಆ ವಾದಕ್ಕೆ ನೆರವಾಗುತ್ತದೆ. ಆದರೆ ಅವರು ಆ ಪುಟವನ್ನು ಖಂಡಿತ ಹಾಜರುಪಡಿಸುತ್ತಾರೆ. ಆದ್ದರಿಂದ ಸಹಿ ಯಾವ ಸ್ಥಿತಿಯಲ್ಲಿ ಆಯಿತೆಂಬುದನ್ನು ನೋಟಿಸಿನ ಮೊದಲ ಪುಟದಲ್ಲೇ ತಾವಾಗಿ ಬರೆಯಿರಿ, ಅದರ ನಕಲನ್ನು ಕೇಳಿ.

ಗ್ರಾಹಕ ಆಯೋಗಕ್ಕೆ ಎರಡು ವರ್ಷದ ಕಾಲಾವಕಾಶವಿದೆ. ಅಕ್ರಮವಾಗಿ ಕೂಡಿಹಾಕಿದ್ದಕ್ಕೆ ಸಿವಿಲ್ ದಾವೆ ಹೂಡುವುದಾದರೆ ಒಂದೇ ವರ್ಷ, ಮಾನನಷ್ಟದ ಸಿವಿಲ್ ದಾವೆಗೂ ಒಂದೇ ವರ್ಷ. ಆ ದಾರಿಗಳನ್ನು ತೆರೆದಿಟ್ಟುಕೊಳ್ಳಬೇಕಾದರೆ ಕಂಪನಿಯ ಉತ್ತರಕ್ಕೆಂದು ತಿಂಗಳುಗಟ್ಟಲೆ ಕಾಯಬೇಡಿ. ಆಯೋಗದ ತೀರ್ಮಾನಕ್ಕೆ ಕಾಯ್ದೆ ಮೂರು ತಿಂಗಳ ಗುರಿ ಇಟ್ಟಿದ್ದರೂ ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ ಎಂಬುದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಳ್ಳಿ. ವಕೀಲರ ನೆರವು ಬೇಕೆನಿಸಿದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವಿಗೆ ಅರ್ಹತೆ ಇದೆ.

ನೋಟಿಸನ್ನು ಮ್ಯಾನೇಜರಿಗೆ ಮಾತ್ರ ಕಳುಹಿಸಿದರೆ ಸಾಲದು. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆಯ ಆಸುಪಾಸಿನಲ್ಲಿ ಕಂಪನಿಯ ಪೂರ್ಣ ಹೆಸರು ಇರುತ್ತದೆ; ಆ ಹೆಸರಿನಲ್ಲಿ ನೋಂದಾಯಿತ ಕಚೇರಿಯ ವಿಳಾಸವನ್ನು ಹುಡುಕಿ ಅಲ್ಲಿಗೊಂದು, ಮಳಿಗೆಗೊಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಕಾವಲಿನವರು ಬೇರೆ ಸಂಸ್ಥೆಯಿಂದ ಬಂದವರಾಗಿದ್ದರೆ ಆ ಸಂಸ್ಥೆಯನ್ನೂ ಎದುರುದಾರರನ್ನಾಗಿ ಸೇರಿಸಬೇಕು, ಇಲ್ಲದಿದ್ದರೆ ಇಬ್ಬರೂ ಒಬ್ಬರ ಕಡೆ ಇನ್ನೊಬ್ಬರು ಬೆರಳು ತೋರಿಸುತ್ತಾರೆ. ಸಂಸ್ಥೆಯ ಹೆಸರು ಸಾಮಾನ್ಯವಾಗಿ ಅವರ ಸಮವಸ್ತ್ರದ ತೋಳಿನ ಪಟ್ಟಿಯ ಮೇಲೆ ಇರುತ್ತದೆ. ಮತ್ತೆ ಆ ಮಳಿಗೆಗೆ ಹೋಗಲು ತಮಗೆ ಮನಸ್ಸಿಲ್ಲದಿದ್ದರೆ ಮನೆಯವರು ಯಾರಾದರೂ ನೋಡಿ ಬರಲಿ.