ನಿದ್ದೆ ಬರುತ್ತದೆ, ಆದರೂ ಮಲಗುವುದಿಲ್ಲ: ಬೇಜಾರಿನ ದಿನಗಳಲ್ಲಿ ರಾತ್ರಿ ಎಚ್ಚರ ಇರುವ ಚಟ ಬಿಟ್ಟವರು ಹೇಳಿ

ಕೇಳಿದವರು: ವಿಜಯಪುರ, ಜಲನಗರದಿಂದ

ಎಲ್ಲರಿಗೂ ನಮಸ್ಕಾರ ರೀ. ನನಗೆ 27 ವರ್ಷ. ಒಂದು ಸೌಹಾರ್ದ ಸಹಕಾರಿಯಲ್ಲಿ ಕೌಂಟರ್ ಕೆಲಸ. ಊರು ಸಿಂದಗಿ ಕಡೆ, ಇಲ್ಲಿ ಬಾಡಿಗೆ ರೂಮಿನಲ್ಲಿ ಒಬ್ಬಳೇ ಇದ್ದೇನೆ. ದೀಪಾವಳಿಗೆ ಮೊದಲು ಮದುವೆ ಮಾತುಕತೆಯೊಂದು ಮುರಿದು ಬಿತ್ತು. ಆಗಿನಿಂದ ಮನಸ್ಸು ಸರಿ ಇಲ್ಲ. ಹಾಗಂತ ಅಳುತ್ತಾ ಕೂತಿಲ್ಲ. ಆಫೀಸಿಗೆ ಹೋಗುತ್ತೇನೆ, ನಗುತ್ತೇನೆ, ಪಿಗ್ಮಿ ಲೆಕ್ಕ ತಾಳೆ ಹಾಕಿ ಬರುತ್ತೇನೆ.

ತೊಂದರೆ ಇರುವುದು ರಾತ್ರಿ. ನಿದ್ದೆ ಬರಲ್ಲ ಅಂತಲ್ಲ, ಬರುತ್ತದೆ. ಕಣ್ಣು ಎಳೆಯುತ್ತಿರುತ್ತವೆ, ಆದರೂ ಮಲಗುವುದಿಲ್ಲ. ಮೊಬೈಲ್ ಹಿಡಿದರೆ ಒಂದೂವರೆ, ಎರಡು ಗಂಟೆ. ನೋಡುವುದಾದರೂ ಏನು? ಯಾರದೋ ಮನೆಯ ಕುಬಸ, ಯಾರೋ ರೊಟ್ಟಿ ಬಡಿಯುವುದು. ಬೆಳಗ್ಗೆ ಹೊಟ್ಟೆಗೆ ಏನೂ ಇಲ್ಲದೆ ಓಡುವುದು, ಮಧ್ಯಾಹ್ನ ತೂಕಡಿಕೆ, ಸಂಜೆಗೆ ಬೇಜಾರು ಇನ್ನೂ ಜಾಸ್ತಿ. ಮನಸ್ಸು ಚೆನ್ನಾಗಿದ್ದ ದಿನ ಹತ್ತೂವರೆಗೇ ಮಲಗಿಬಿಡುತ್ತೇನೆ, ಅದೇ ನನಗೆ ತಿಳಿಯದ ವಿಷಯ.

'ಮೊಬೈಲ್ ದೂರ ಇಡು' ಅಂತ ಎಲ್ಲರೂ ಹೇಳುತ್ತಾರೆ. ಅದು ನನಗೂ ಗೊತ್ತು. ಗೊತ್ತಿದ್ದೂ ಆಗದೆ, ಆಮೇಲೆ ಹೇಗೋ ದಾರಿಗೆ ಬಂದವರು ಇದ್ದರೆ ದಯವಿಟ್ಟು ಬರೆಯಿರಿ.

ಬೆಳಗಾವಿ, ಟಿಳಕವಾಡಿಯಿಂದ

ತಂಗೀ, ನಿನ್ನ ವಯಸ್ಸಿನ ಮಗಳಿದ್ದಾಳೆ ನನಗೆ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ.

ನಿದ್ದೆಯೇ ಬಾರದವರದು ಬೇರೆ, ನಿನ್ನದು ಬೇರೆ. ಇದೇ ರೋಗ ನನಗೂ ಇತ್ತು, ಅವ್ವ ತೀರಿಕೊಂಡ ವರ್ಷ. ಬೆಳಗ್ಗೆ ಡಬ್ಬಿ, ಆಮೇಲೆ ಕಾಲೇಜು, ಸಂಜೆ ಅತ್ತೆಯವರ ಔಷಧಿ, ರಾತ್ರಿ ಅಡುಗೆ. ಎಲ್ಲರೂ ಮಲಗಿದ ಮೇಲೆ ಸಿಗುವ ಹೊತ್ತು ಮಾತ್ರ ನನ್ನದು. ಮಲಗಿದರೆ ಅದೂ ಕೈಬಿಟ್ಟಿತಲ್ಲ! ಇನ್ನೊಂದು ವಿಷಯ, ಇದನ್ನು ಯಾರ ಮುಂದೂ ಹೇಳಿರಲಿಲ್ಲ: ಕಣ್ಣು ಮುಚ್ಚಿದರೆ ನಾಳೆ ಬಂದುಬಿಡುತ್ತದೆ. ನನಗೆ ನಾಳೆಯೇ ಬೇಡವಾಗಿತ್ತು. ಎಚ್ಚರ ಇದ್ದಷ್ಟು ಹೊತ್ತು ಅದನ್ನು ಬಾಗಿಲ ಹೊರಗೇ ನಿಲ್ಲಿಸಿದ ಹಾಗೆ. ನಿನಗೆ ಮನಸ್ಸು ಚೆನ್ನಾಗಿದ್ದ ದಿನ ಬೇಗ ನಿದ್ದೆ ಹತ್ತುವುದೂ ಇದಕ್ಕೇ ಅಂತ ನನ್ನ ಅನಿಸಿಕೆ. ಆ ದಿನ ನಾಳೆಯ ಮೇಲೆ ಸಿಟ್ಟಿರುವುದಿಲ್ಲ.

ಹಾಗಾಗಿ ಮೊಬೈಲ್ ಒಂದನ್ನೇ ಕಿತ್ತುಕೊಂಡರೆ ಪ್ರಯೋಜನ ಇಲ್ಲ. ನಾನು ಮೊಬೈಲ್ ಇಲ್ಲದ ದಿನ ಫ್ಯಾನ್ ನೋಡುತ್ತಾ ಕೂತಿರುತ್ತಿದ್ದೆ. ಕೆಲಸಕ್ಕೆ ಬಂದದ್ದು ಎರಡು. ಮೊದಲನೆಯದು, ನನ್ನ ಹೊತ್ತನ್ನು ರಾತ್ರಿಯಿಂದ ಸಂಜೆಗೆ ತಂದೆ. ಕಾಲೇಜಿನಿಂದ ಬಂದವಳೇ ಚಹಾ ಹಿಡಿದು ಮಾಳಿಗೆಗೆ ಹೋಗುವುದು, ಅರ್ಧ ಗಂಟೆ ಕ್ರೋಶಾ ಹೆಣೆಯುವುದು, ಕೆಳಗಿನಿಂದ ಯಾರು ಕೂಗಿದರೂ ಇಳಿಯದಿರುವುದು. ಮನೆಯಲ್ಲಿ ಗುಣುಗುಣು ಶುರುವಾಯಿತು. ಆಗಲಿ ಬಿಡು, ಒಂದು ವಾರ ಗುಣುಗುಟ್ಟಿ ಸುಮ್ಮನಾದರು. ನೀನು ಒಬ್ಬಳೇ ಇರುವವಳು, ನಿನಗೆ ಆ ಕಾಟವೂ ಇಲ್ಲ. ಆದರೆ ಆಫೀಸ್ ಮುಗಿದ ಮೇಲೆ ನೇರ ರೂಮಿಗೆ ಹೋಗಿ ಹಾಸಿಗೆ ಮೇಲೆ ಬೀಳುತ್ತಿದ್ದರೆ ಅದನ್ನು ಮೊದಲು ಬಿಡು.

ಎರಡನೆಯದು, ಬೆಳಗ್ಗೆಗೆ ಒಂದು ಒಳ್ಳೆಯದನ್ನು ಕಾದಿರಿಸಿ ಇಟ್ಟೆ. ಪಕ್ಕದ ಮನೆಯ ವೈನಿ ಜೊತೆ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಒಂದು ಸುತ್ತು, ಬರುವಾಗ ಬಿಸಿ ಅವಲಕ್ಕಿ. ಆರೋಗ್ಯ ಅಂತ ಏಳಲಿಲ್ಲ ನಾನು. ಅವರು ಗೇಟಿನ ಹತ್ತಿರ ಶಾಲು ಹೊದ್ದು ನಿಂತಿರುತ್ತಾರಲ್ಲ ಅನ್ನುವ ಮುಲಾಜಿಗೆ ಎದ್ದೆ. ಬೆಳಗಾವಿಯ ಚಳಿಗಾಲ ಗೊತ್ತಲ್ಲ, ಅದರಲ್ಲೂ ಎದ್ದೆ.

ಇನ್ನೊಂದು ಸಣ್ಣದು, ಆದರೆ ನನಗೆ ಎಲ್ಲಕ್ಕಿಂತ ಉಪಯೋಗವಾಗಿದ್ದು ಇದೇ. ಮನಸ್ಸು ಕುಗ್ಗಿದಾಗ ಕುರ್ಚಿಯಿಂದ ಹಾಸಿಗೆಗೆ ಹೋಗುವ ನಡುವಿನ ಕೆಲಸಗಳೇ ಭಾರ. ಹಲ್ಲುಜ್ಜಬೇಕು, ಸೀರೆ ಬದಲಿಸಬೇಕು, ಸೊಳ್ಳೆ ಪರದೆ ಕಟ್ಟಬೇಕು, ಗ್ಯಾಸ್ ನೋಡಬೇಕು, ಚಿಲಕ ಹಾಕಬೇಕು. ಇವನ್ನು ನೆನೆಸಿಕೊಂಡೇ 'ಇನ್ನೊಂದು ವಿಡಿಯೋ' ಅಂತ ಕೂರುತ್ತೇವೆ. ಊಟವಾದ ಕೂಡಲೇ, ಎಂಟೂವರೆ ಒಂಬತ್ತಕ್ಕೇ, ಇವೆಲ್ಲ ಮುಗಿಸಿಬಿಡು. ನೀರಿನ ತಂಬಿಗೆ ಕೂಡ ತಲೆ ಹತ್ತಿರ ಇಟ್ಟುಬಿಡು. ಆಮೇಲೆ ಎಷ್ಟು ಹೊತ್ತಾದರೂ ಎಚ್ಚರ ಇರು, ನಾನು ಬೇಡ ಅನ್ನಲ್ಲ. ನಿದ್ದೆ ಬಂದ ಗಳಿಗೆಯಲ್ಲಿ ಹೊರಳಿದರೆ ಆಯಿತು, ಅಷ್ಟೇ ಕೆಲಸ ಉಳಿದಿರಬೇಕು.

ಮುಧೋಳ ಕಡೆಯಿಂದ

ಅಕ್ಕಾರು ಬರೆದದ್ದು ಚಲೋ ಇದೆ. ನಮ್ಮ ರಾತ್ರಿ ಮಾತ್ರ ಕರೆಂಟಿನ ಕೈಯಲ್ಲಿದೆ. ತ್ರೀಫೇಸ್ ರಾತ್ರಿ ಪಾಳಿ ಬಂತು ಅಂದರೆ ಕಬ್ಬಿಗೆ ನೀರು ಬಿಡಲು ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಲೇಬೇಕು. ತಿರುಗಿ ಬಂದ ಮೇಲೆ ಬೇಗ ನಿದ್ದೆ ಹತ್ತಲ್ಲ.

ನಾನು ಗಮನಿಸಿದ್ದು ಒಂದೇ. ರಾತ್ರಿ ಪಾಳಿ ಇದ್ದ ವಾರ ಸೊಸೈಟಿ ಸಾಲ ಎದೆ ಮೇಲೆ ಕೂರುತ್ತದೆ. ಹಗಲು ಪಾಳಿ ಬಂದ ವಾರವೂ ಅದೇ ಸಾಲ, ಅದೇ ಬಡ್ಡಿ, ಆದರೆ ಹೇಗಾದರೂ ತೀರುತ್ತದೆ ಅನಿಸುತ್ತದೆ. ಅಂದರೆ ಕೆಟ್ಟಿರುವುದು ನನ್ನ ನಿದ್ದೆ, ಲೆಕ್ಕ ಅಲ್ಲ. ಆಮೇಲಿಂದ ಮನೆಯಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ: ಹನ್ನೆರಡು ದಾಟಿದ ಮೇಲೆ ಬಂದ ಯಾವ ವಿಚಾರಕ್ಕೂ ತೀರ್ಮಾನ ಇಲ್ಲ. ಹೊಲ ಮಾರುವ ಮಾತು, ತಮ್ಮನ ಜೊತೆ ಜಗಳ, ಯಾರಿಗಾದರೂ ಉದ್ದ ಮೆಸೇಜ್, ಎಲ್ಲ ಬೆಳಗಿನ ಚಹಾ ಆದ ಮೇಲೆ. ನೀವೂ ಆ ಹುಡುಗನ ಸ್ಟೇಟಸ್ ನೋಡುತ್ತಿದ್ದರೆ ತಂಗೀ, ಹಗಲು ನೋಡಿರಿ. ರಾತ್ರಿ ಬೇಡ.

ಬಾಗಲಕೋಟೆ, ನವನಗರದಿಂದ

ನಾನು ನರ್ಸಿಂಗ್ ಕೆಲಸದವಳು. ನೈಟ್ ಡ್ಯೂಟಿ ಮಾಡಿದವರಿಗೆ ನಿದ್ದೆಯ ಬೆಲೆ ಗೊತ್ತಿರುತ್ತದೆ.

ಮೈಯೊಳಗೆ ಒಂದು ಗಡಿಯಾರ ಇದೆ ಅನ್ನುವುದು ಸುಮ್ನೆ ಮಾತಲ್ಲ. ಅದು ಜೀವಕೋಶದ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರೊಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಈ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕು. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಅಂದು ರಾತ್ರಿ ನಿದ್ದೆ ಬೇಗ ಬರುತ್ತದೆ. ರಾತ್ರಿ ಹೊತ್ತು ಬೆಳಕು ಬಿದ್ದರೆ ನಿದ್ದೆ ಮುಂದೆ ಹೋಗುತ್ತದೆ. ಟಿಳಕವಾಡಿಯ ಅಕ್ಕನವರಿಗೆ ವೈನಿಯ ಮುಲಾಜು ಎಷ್ಟು ಸಹಾಯ ಮಾಡಿತೋ, ಆ ಹೊತ್ತಿನ ಬೆಳಕೂ ಅಷ್ಟೇ ಮಾಡಿರುತ್ತದೆ.

ಆದ್ದರಿಂದ ಮಲಗುವ ಹೊತ್ತಿನ ಜೊತೆ ಗುದ್ದಾಡಬೇಡಿ. 'ಇಂದಿನಿಂದ ಹತ್ತಕ್ಕೆ ಮಲಗುತ್ತೇನೆ' ಅಂತ ಎರಡು ಗಂಟೆಗೆ ಮಲಗುವವರು ಹಟ ಹಿಡಿದರೆ ಹಾಸಿಗೆಯಲ್ಲಿ ಹೊರಳಾಡಿ ಇನ್ನೂ ಬೇಜಾರಾಗುತ್ತದೆ. ಏಳುವ ಹೊತ್ತನ್ನು ಹಿಡಿಯಿರಿ. ಭಾನುವಾರವೂ ಅದೇ ಹೊತ್ತು. ರಾತ್ರಿಯನ್ನು ಹದಿನೈದು ಹದಿನೈದು ನಿಮಿಷ ಹಿಂದೆ ತಂದರೆ ಸಾಕು. ಇಪ್ಪತ್ತು ನಿಮಿಷ ಮಲಗಿಯೂ ನಿದ್ದೆ ಹತ್ತಲಿಲ್ಲ ಅನಿಸಿದರೆ ಎದ್ದು ಮಂದ ಬೆಳಕಿನಲ್ಲಿ ಬೇರೆ ಕಡೆ ಕೂರಿ. ಒಂದೇ ರೂಮಾದರೆ ಒಂದು ಕುರ್ಚಿಯೋ ಚಾಪೆಯೋ ಸಾಕು. ಮೊಬೈಲ್ ನೋಡುವುದಿದ್ದರೂ ಆ ಕುರ್ಚಿಯಲ್ಲೇ ನೋಡಿ. ಹಾಸಿಗೆ ಅಂದರೆ ನಿದ್ದೆ ಅಂತ ಮೈಗೆ ರೂಢಿಯಾಗಬೇಕು.

ನಮ್ಮ ಕಡೆ ಸಂಜೆ ಆರಕ್ಕೂ ಚಹಾ, ಎಂಟಕ್ಕೂ ಚಹಾ. ಚಹಾದ ಕೆಫೀನು ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಆರರ ಚಹಾ ಹನ್ನೊಂದಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ಮಧ್ಯಾಹ್ನದ ಮೇಲೆ ಬಿಡಲು ಆಗುತ್ತದಾ ನೋಡಿ.

ಇನ್ನು ಮುಖ್ಯವಾದದ್ದು. ಎರಡು ವಾರ ದಾಟಿ, ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಇಷ್ಟವಾಗುತ್ತಿದ್ದದ್ದು ಈಗ ಬೇಡವಾಗಿದ್ದರೆ, ಊಟ ಸೇರದಿದ್ದರೆ, ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿದ್ದರೆ, ಅದು ಬರೀ ಅಭ್ಯಾಸದ ಮಾತಲ್ಲ. ಡಾಕ್ಟರಿಗೆ ತೋರಿಸಬೇಕು. ಬದುಕೇ ಬೇಡ ಅನ್ನುವ ಯೋಚನೆ ಬಂದರಂತೂ ಎರಡು ವಾರ ಕಾಯಬಾರದು, ಅಂದೇ. ಟೆಲಿ ಮನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ 2022ರ ಅಕ್ಟೋಬರಿನಿಂದ ಇದೆ, ನಂಬರ್ 14416. ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಒಂದೂವರೆಗೆ ಯಾರನ್ನು ಎಬ್ಬಿಸಲಿ ಅನ್ನುವವರಿಗೆ ಇದು ಬಹಳ ಅನುಕೂಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ದೊಡ್ಡ ಆಸ್ಪತ್ರೆಯೇ ಬೇಕೆಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ನಿದ್ದೆ ಮಾತ್ರೆಯನ್ನು ಪರಿಚಯದ ಅಂಗಡಿಯಿಂದ ಕೇಳಿ ತಂದು ನುಂಗುವುದು ಮಾತ್ರ ಬೇಡ.

ರಬಕವಿ-ಬನಹಟ್ಟಿಯಿಂದ

ಸಿಸ್ಟರ್ ಹೇಳಿದ್ದಕ್ಕೆ ಎದುರು ಮಾತಿಲ್ಲ. ಆದರೆ ಎಲ್ಲರೂ ರಾತ್ರಿಯನ್ನೇ ಬೈಯುತ್ತಿದ್ದೀರಿ, ಅದು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನಮ್ಮ ಓಣಿಯಲ್ಲಿ ಮಗ್ಗದ ಸದ್ದು ನಿಂತ ಮೇಲೆಯೇ ಗುಡಿಯಲ್ಲಿ ಭಜನೆ ಶುರು. ಸೋಮವಾರ ಹನ್ನೊಂದಾಗುತ್ತದೆ, ಅಮಾವಾಸ್ಯೆಗೆ ಇನ್ನೂ ತಡ. ತಾಳ ಬಾರಿಸಿ, ಪದ ಹಾಡಿ, ಒಂದು ಹಿಡಿ ಚುರಮುರಿ ಪ್ರಸಾದ ತಿಂದು ಬಂದು ಮಲಗಿದರೆ ಬೇಜಾರು ಅನ್ನುವುದು ಹತ್ತಿರ ಸುಳಿಯಲ್ಲ. ತಡವಾದದ್ದು ಅಲ್ಲೂ ತಡವೇ ಅಲ್ವಾ?

ನನ್ನ ಪ್ರಕಾರ ಫರಕು ಎಲ್ಲಿದೆ ಅಂದರೆ, ಭಜನೆಗೆ ಮಂಗಳಾರತಿ ಇದೆ. ಮುಗಿಯಿತು ಅಂತ ಎಲ್ಲರೂ ಏಳುತ್ತಾರೆ. ಮೊಬೈಲಿನ ರೀಲ್ಸಿಗೆ ಮಂಗಳಾರತಿಯೇ ಇಲ್ಲ. ಬೆರಳು ಎಳೆದಷ್ಟೂ ಬರುತ್ತಲೇ ಇರುತ್ತದೆ. ಬೇಜಾರಿದ್ದಾಗ ಸಾಕು ಅನ್ನುವ ಶಕ್ತಿಯೇ ನಮ್ಮಲ್ಲಿ ಇರುವುದಿಲ್ಲ, ಹಾಗಾಗಿ ತಾನಾಗಿ ಮುಗಿಯುವಂಥದ್ದನ್ನು ಹಿಡಿಯಬೇಕು. ಒಂದು ಕಥೆ ಓದಿ. ಧಾರವಾಡ ಆಕಾಶವಾಣಿಯ ಹಳೆಯ ನಾಟಕ ಸಿಕ್ಕರೆ ಕೇಳಿ. ಯೂಟ್ಯೂಬಿನಲ್ಲಿ ಒಂದಾದ ಮೇಲೆ ಒಂದು ತಾನೇ ಓಡುವುದನ್ನು ಸೆಟ್ಟಿಂಗಿನಲ್ಲಿ ನಿಲ್ಲಿಸಬಹುದು, ಅದನ್ನು ಇವತ್ತೇ ಮಾಡಿ.

ಕೇಳಿದವರು

ಎಲ್ಲರಿಗೂ ಶರಣು. ಟಿಳಕವಾಡಿ ಅಕ್ಕಾ, ನೀವು ನಾಳೆ ಬೇಡ ಅಂತ ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನದೂ ಅದೇ. ಚಿಲಕ, ಪರದೆ, ಹಲ್ಲುಜ್ಜುವುದು ಎಲ್ಲ ಒಂಬತ್ತಕ್ಕೇ ಮುಗಿಸಿ ನೋಡಿದೆ, ಅದು ನಿಜವಾಗಿಯೂ ಹಗುರ. ಆದರೆ ಲೈಟ್ ಆರಿಸಿದ ಕೂಡಲೇ ತಲೆಯೊಳಗೆ ಮಾತು ಶುರು. ಅವರು ಹಾಗಂದರು, ನಾನು ಹೀಗನ್ನಬೇಕಿತ್ತು. ಅದರ ಬಾಯಿ ಮುಚ್ಚಿಸಲಿಕ್ಕೇ ಮೊಬೈಲ್ ಬೇಕಾಗುತ್ತದೆ.

ಸಿಸ್ಟರ್, ಎರಡು ವಾರ ಯಾವಾಗಲೋ ದಾಟಿದೆ. ಊಟ ಸೇರುತ್ತದೆ, ನಸುಕಿನಲ್ಲಿ ಎಚ್ಚರವಾಗಲ್ಲ. ಆದರೂ ತೋರಿಸಬೇಕಾ?

ಬಾಗಲಕೋಟೆ, ನವನಗರದಿಂದ

ತೋರಿಸಿ. ತೋರಿಸಿದ ಮಾತ್ರಕ್ಕೆ ಮಾತ್ರೆಯನ್ನೇ ಕೊಡುತ್ತಾರೆ ಅಂತೇನಿಲ್ಲ, ಮಾತಾಡಿಸಿ ಕಳಿಸಲೂಬಹುದು. ಹಾಗೇ ಥೈರಾಯ್ಡು, ರಕ್ತದ ಪ್ರಮಾಣ ನೋಡಿಸಿ. ಅವೆರಡು ಕೆಟ್ಟರೂ ಸುಸ್ತು, ಬೇಜಾರು ಬರುತ್ತದೆ.

ತಲೆಯೊಳಗಿನ ಮಾತಿಗೆ ಕಾಗದ ಪೆನ್ನು ಪ್ರಯತ್ನಿಸಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಜನರ ಮೇಲೆ ಒಂದು ಪ್ರಯೋಗ ಮಾಡಿದ್ದರು, 2018ರಲ್ಲಿ ಪ್ರಕಟವಾಯಿತು. ಮಲಗುವ ಮುಂಚೆ 5 ನಿಮಿಷ ಕೆಲವರು ಮುಗಿದ ಕೆಲಸ ಬರೆದರು, ಕೆಲವರು ಮುಂದೆ ಮಾಡಬೇಕಾದದ್ದು ಬರೆದರು. ಮಾಡಬೇಕಾದದ್ದು ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ದೆ ಹತ್ತಿತು. ಬಿಡಿಬಿಡಿಯಾಗಿ ಬರೆದಷ್ಟೂ ಒಳ್ಳೆಯದು. 'ಆಫೀಸ್ ಕೆಲಸ' ಅಂತಲ್ಲ, 'ಹನ್ನೊಂದಕ್ಕೆ ಎಫ್‌ಡಿ ಫೈಲು, ಅಕ್ಕಿ ಒಂದು ಕೆಜಿ, ಅವ್ವನಿಗೆ ಫೋನ್' ಅಂತ.

ಬೆಳಗಾವಿ, ಟಿಳಕವಾಡಿಯಿಂದ

ಆ ಹಳೆಯ ಮಾತಿಗೆ ಸಂಜೆಯೇ ಹೊತ್ತು ಕೊಡು ತಂಗೀ. ಆರೂವರೆಯಿಂದ ಏಳರವರೆಗೆ ಎಷ್ಟು ಬೇಕೋ ಅಷ್ಟು ಬೈ, ಅಳು, ಬರೆದು ಹರಿ. ರಾತ್ರಿ ಮತ್ತೆ ಬಂದರೆ 'ನಾಳೆ ಆರೂವರೆಗೆ ಬಾ' ಅನ್ನು. ಮೊದಲು ಹುಚ್ಚು ಅನಿಸುತ್ತದೆ, ನನಗೂ ಅನಿಸಿತ್ತು. ಮತ್ತೆ ಅವ್ವನಿಗೆ ನಿಜ ಹೇಳಿದ್ದೀಯಾ, ಇಲ್ಲ ಅಲ್ಲೂ ನಗುತ್ತೀಯಾ?

ವಿಜಯಪುರದಿಂದ, ಇನ್ನೊಬ್ಬರು

ಮಗಳೇ, ನಾವು ಕೆಲವು ರಿಟೈರ್ ಆದವರು ಬೆಳಗ್ಗೆ ಗೋಳಗುಮ್ಮಟದ ಕಡೆ ವಾಕಿಂಗ್ ಹೋಗುತ್ತೇವೆ. ನಮ್ಮ ಮನೆಯವರೂ, ಅವರ ಗೆಳತಿಯರೂ ಇರುತ್ತಾರೆ. ನಡೆಯುವುದು ಕಡಿಮೆ, ಮಾತೇ ಜಾಸ್ತಿ. ನೀನೂ ಬಾ. ಜಲನಗರದಿಂದ ಆಟೋ ಹಿಡಿಯುವುದು ಬೇಡ, ನಮ್ಮ ಮನೆಯವರ ಸ್ಕೂಟಿ ಆ ಕಡೆಯಿಂದಲೇ ಬರುತ್ತದೆ. ಒಂದೇ ಷರತ್ತು, ಬಾರದಿದ್ದರೆ ಹಿಂದಿನ ರಾತ್ರಿಯೇ ಹೇಳಬೇಕು. ನಮ್ಮ ಮನೆಯವರು ಕಾಯಲು ಬಿಟ್ಟರೆ ನಾಲ್ಕು ದಿನ ಮಾತು ಬಿಡುತ್ತಾರೆ.

ಕೇಳಿದವರು

ಕಾಕಾ, ಬರುತ್ತೇನೆ. ಕಾಕಿಗೆ ಹೇಳಿರಿ, ಸೋಮವಾರದಿಂದ. ಅಕ್ಕಾ, ಅವ್ವನಿಗೆ ಹೇಳಿಲ್ಲ. ಈ ಭಾನುವಾರ ಊರಿಗೆ ಹೋಗುತ್ತಿದ್ದೇನೆ, ಫೋನಿನಲ್ಲಿ ಆಗಲ್ಲ. ಜಿಲ್ಲಾ ಆಸ್ಪತ್ರೆಗೆ ಜೊತೆಗೆ ಬರಲು ಆಫೀಸಿನ ಗೆಳತಿ ಒಪ್ಪಿದ್ದಾಳೆ. ಕೊನೆಯದೊಂದು ಪ್ರಶ್ನೆ, ಬೇಗ ಎದ್ದ ದಿನ ಮಧ್ಯಾಹ್ನ ನಿದ್ದೆ ತಡೆಯಲು ಆಗದಿದ್ದರೆ ಏನು ಮಾಡಲಿ?

ಬಾಗಲಕೋಟೆ, ನವನಗರದಿಂದ

ಊಟದ ಬಿಡುವಿನಲ್ಲಿ 20 ನಿಮಿಷ ತಲೆ ಇಟ್ಟು ಮಲಗಿ, ತಪ್ಪಿಲ್ಲ. ಮೂರು ಗಂಟೆ ಮೇಲೆ ಬೇಡ. ಅಲಾರಂ ಇಟ್ಟುಕೊಳ್ಳಿ, ಮೊದಲು ಕ್ಯಾಶ್ ಡ್ರಾಯರಿಗೆ ಬೀಗ ಹಾಕಿ.