ಪದಚರ್ಚೆ: ‘ಮರೆ’ಯಲ್ಲಿರುವ ಬಿಲ್ಲುಗಾರ, ‘ಅವಿತ’ ಬಿಲ್ಲುಗಾರ, ‘ಹೊಂಚು ಹಾಕಿದ’ ಬಿಲ್ಲುಗಾರ

ಗೆಳೆಯರೇ, ನಮಸ್ಕಾರ.

ಮೈಸೂರಿನಲ್ಲಿ ನಾವು ಕೆಲವರು ರಜೆಯ ದಿನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕತೆ ಕಟ್ಟುವ ಆಟ. 1974ರಲ್ಲಿ ಅಮೆರಿಕದಲ್ಲಿ ಹೊರಬಂದದ್ದು. ನಮ್ಮಲ್ಲಿ ಕತೆ ನಡೆಸುವ ಕೆಲಸ ನನ್ನದು. ನಿಯಮದ ಪುಸ್ತಕ ಇಂಗ್ಲಿಷಿನದು, ಆಡುವ ಮಾತೆಲ್ಲ ಕನ್ನಡದ್ದು. ಅಡಗಿ ಕೂತು ಬಾಣ ಬಿಡುವವರು ಕತೆಗೆ ಬಂದಾಗಲೆಲ್ಲ ಮಾತು ಜಗಳಕ್ಕೆ ತಿರುಗುತ್ತದೆ. ಕಾರಣ ಒಂದೇ ಪದ: ‘ಮರೆ’.

‘ನಾನು ಮರೆಯಲ್ಲಿದ್ದೀನಿ’ ಎಂದು ಆಡುವವರು ಹೇಳುತ್ತಾರೆ. ಬಂಡೆಯ ಹಿಂದೆ ನಿಂತಿದ್ದಾರೆ, ಬಾಣ ತಾಗುವುದು ಕಷ್ಟ ಅಂತಲೋ? ಅವರು ಎಲ್ಲಿದ್ದಾರೆಂದು ಎದುರಾಳಿಗೆ ಗೊತ್ತೇ ಇಲ್ಲ ಅಂತಲೋ? ಕನ್ನಡದಲ್ಲಿ ಎರಡೂ ಸರಿ. ಆಟದಲ್ಲಿ ಎರಡಕ್ಕೂ ಬೇರೆ ಬೇರೆ ಲೆಕ್ಕ.

ನಮ್ಮ ಕತೆಯನ್ನು ಪಾಂಡವಪುರದ ಕಡೆಯ ಊರುಗಳಂಥ ನಾಡಿನಲ್ಲೇ ನಡೆಸುತ್ತೇನೆ. ಅಲ್ಲಿ ಕಬ್ಬಿನ ಗದ್ದೆಯೂ ಇದೆ, ಕುಂತಿಬೆಟ್ಟದ ಬಂಡೆಗಳೂ ಇವೆ. ಎತ್ತರಕ್ಕೆ ಬೆಳೆದ ಕಬ್ಬಿನೊಳಗೆ ಬಿಲ್ಲುಗಾರ ಕೂತರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅಂದಾಜಿನ ಮೇಲೆ ಒಂದು ಬಾಣ ಬಿಟ್ಟರೆ ಕಬ್ಬಿನ ಗರಿ ಅದನ್ನು ತಡೆಯುತ್ತಾ? ಇಲ್ಲ. ಬಂಡೆಯ ಹಿಂದೆ ಅರ್ಧ ಮೈ ಹೊರಗಿಟ್ಟು ನಿಂತವರ ಕತೆ ಇದಕ್ಕೆ ಪೂರ್ತಿ ಉಲ್ಟಾ. ಎಲ್ಲರಿಗೂ ಕಾಣುತ್ತಾರೆ, ಆದರೆ ಬಾಣಕ್ಕೆ ಬಂಡೆ ಅಡ್ಡ ಬರುತ್ತದೆ. ನಿಯಮದಲ್ಲಿ ಅರ್ಧ ಮೈ ಮುಚ್ಚುವ ತಡೆಗೆ ಆರ್ಮರ್ ಕ್ಲಾಸ್ (ಏಟು ತಾಗಬೇಕಾದರೆ ಎದುರಾಳಿಯ ದಾಳದ ಲೆಕ್ಕ ಮುಟ್ಟಬೇಕಾದ ಅಂಕಿ) 2 ಹೆಚ್ಚುತ್ತದೆ, ಮುಕ್ಕಾಲು ಮೈ ಮುಚ್ಚಿದರೆ 5. ಕೋಟೆ ಗೋಡೆಯ ಕಂಡಿಯ ಹಿಂದೆ ನಿಂತವರಿಗೆ ಸಿಗುವುದು ಈ 5. ಕಬ್ಬಿನೊಳಗೆ ಕೂತವರಿಗೆ ಇದರಲ್ಲಿ ಏನೂ ಸಿಗುವುದಿಲ್ಲ. ಅವರಿಗೆ ಸಿಗುವ ಲಾಭವೇ ಬೇರೆ. ಕಾಣದ ಕಡೆಯಿಂದ ಬಾಣ ಬಿಡುವವರು ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಹಾಕಿ ದೊಡ್ಡ ಗರ ಇಟ್ಟುಕೊಳ್ಳುತ್ತಾರೆ.

ಹಾಗಾಗಿ ನನ್ನ ಸಲಹೆ: ಬಾಣ ತಡೆಯುವುದಕ್ಕೆ ‘ಅಡ್ಡ’ ಎನ್ನೋಣ. ‘ಅರ್ಧ ಅಡ್ಡ’, ‘ಮುಕ್ಕಾಲು ಅಡ್ಡ’, ‘ಪೂರ್ತಿ ಅಡ್ಡ’. ಕಣ್ಣಿಗೆ ಕಾಣದಂತೆ ಮಾಡುವುದಕ್ಕೆ ಮಾತ್ರ ‘ಮರೆ’ ಉಳಿಯಲಿ. ಕಬ್ಬು, ಮಂಜು, ಕತ್ತಲೆ ಎಲ್ಲ ಮರೆ. ಬಂಡೆ ಎರಡೂ ಆಗಬಹುದು.

ಇನ್ನೂ ಒಂದು ಮೆಟ್ಟಿಲಿದೆ. ಮರೆ ಇದ್ದ ಮಾತ್ರಕ್ಕೆ ಅಡಗಿದಂತೆ ಆಗುವುದಿಲ್ಲ. ಕಬ್ಬಿನೊಳಗೆ ಒಣಗಿದ ತರಗಿನ ಮೇಲೆ ಕಾಲಿಟ್ಟರೆ ಸದ್ದಾಗುತ್ತದೆ ಅಲ್ವಾ? ಎಲ್ಲಿದ್ದಾರೆಂದು ಊರಿಗೇ ಗೊತ್ತಾಗುತ್ತದೆ. 2014ರಲ್ಲಿ ಬಂದ ನಿಯಮದ ಪುಸ್ತಕದ ಪ್ರಕಾರ ಕಣ್ಣಿಗೂ ಕಾಣಬಾರದು, ಕಿವಿಗೂ ಕೇಳಬಾರದು, ಆಗ ಮಾತ್ರ ಅಡಗಿದ ಲೆಕ್ಕ. 2024ರಲ್ಲಿ ಪರಿಷ್ಕರಿಸಿದ ಪುಸ್ತಕ ಅದನ್ನು ಇನ್ನೂ ಬಿಡಿಸಿ ಹೇಳುತ್ತದೆ. ದಾಳದಲ್ಲಿ 15 ಮುಟ್ಟಬೇಕು. ಆಮೇಲೆ ಪಿಸುಮಾತಿಗಿಂತ ಜೋರಾದ ಸದ್ದು ಮಾಡಿದರೆ ಅಡಗಿದ್ದು ಮುಗಿಯಿತು. ಈ ಸ್ಥಿತಿಗೆ ‘ಅವಿತ’ ಎಂಬ ಪದ ಹೊಂದುತ್ತದೆ ಎನಿಸುತ್ತದೆ. ಅವಿತುಕೊಳ್ಳುವುದು ಎಂದರೆ ಮೈ ಕುಗ್ಗಿಸಿ, ಉಸಿರು ಬಿಗಿಹಿಡಿದು ಕೂರುವ ಚಿತ್ರ ತಾನೇ ಬರುತ್ತದೆ. ‘ಬಚ್ಚಿಟ್ಟುಕೊಂಡ’ ಎಂದರೆ ಐಸ್‌ಪೈಸ್ ಆಡುವ ಮಕ್ಕಳ ನೆನಪಾಗುತ್ತದೆ. ‘ಕಳ್ಳಹೆಜ್ಜೆ’ ಚೆಂದದ ಪದ, ಆದರೆ ಅಲುಗಾಡದೆ ಕೂತವರಿಗೆ ಹೆಜ್ಜೆ ಎಲ್ಲಿಂದ ಬರಬೇಕು? ನಡೆದಾಡುವಾಗ ಬಳಸಲು ಅದನ್ನು ಇಟ್ಟುಕೊಳ್ಳೋಣ.

‘ಅದೃಶ್ಯ’ ಮಾತ್ರ ದಯವಿಟ್ಟು ಬೇಡ. 2024ರ ಪುಸ್ತಕ ಅವಿತವರಿಗೂ ಮಾಯಮಂತ್ರದಿಂದ ಕಾಣದಂತಾದವರಿಗೂ ಇನ್‌ವಿಸಿಬಲ್ ಎಂಬ ಒಂದೇ ಹೆಸರು ಕೊಟ್ಟಿದೆ. ಅದನ್ನು ಹಾಗೇ ‘ಅದೃಶ್ಯ’ ಮಾಡಿದರೆ ನಮ್ಮವರು ಅಂಜನ ಹಚ್ಚಿಕೊಂಡು ಮಾಯವಾದವರನ್ನೇ ನೆನೆಯುತ್ತಾರೆ. ಕಬ್ಬಿನಿಂದ ಎದ್ದು ಬಯಲಿಗೆ ಬಂದರೂ ತಾವು ಕಾಣುವುದಿಲ್ಲ ಎಂದು ವಾದ ಮಾಡುತ್ತಾರೆ. ಎರಡಕ್ಕೂ ‘ಕಾಣದ’ ಎಂದರೆ ಸಾಕು.

ಮೂರನೆಯದು ‘ಹೊಂಚು’. ಇದನ್ನು ನಮ್ಮ ಮೇಜಿನಲ್ಲಿ ಸುಮ್ನೆ ಎಲ್ಲ ಕಡೆಗೂ ಬಳಸುತ್ತಿದ್ದಾರೆ. ಹೊಂಚು ಹಾಕುವುದು ಎಂದರೆ ಮೊದಲೇ ಬಂದು, ದಾರಿ ನೋಡಿಕೊಂಡು, ಕಾದು ಕೂರುವುದು. ಆಟದಲ್ಲಿ ಇದಕ್ಕೂ ಪ್ರತ್ಯೇಕ ಫಲವಿದೆ. 2014ರ ನಿಯಮದಲ್ಲಿ ಹೊಂಚಿಗೆ ಸಿಕ್ಕಿ ಬೆಚ್ಚಿದವರು ತಮ್ಮ ಮೊದಲ ಸರದಿಯಲ್ಲಿ ಅಲುಗಾಡುವಂತಿಲ್ಲ. 2024ರಲ್ಲಿ ಅಷ್ಟು ಕಠಿಣವಿಲ್ಲ, ಸರದಿ ಗೊತ್ತುಮಾಡುವ ದಾಳವನ್ನು ಎರಡು ಸಲ ಹಾಕಿ ಚಿಕ್ಕ ಗರ ತೆಗೆದುಕೊಳ್ಳಬೇಕು, ಅಷ್ಟೇ. ಕಾಳಗದ ನಡುವೆ ಓಡಿಹೋಗಿ ಕಬ್ಬಿಗೆ ನುಗ್ಗಿದವರು ಅವಿತಿರಬಹುದು, ಹೊಂಚು ಹಾಕಿದಂತೆ ಅಲ್ಲ. ಕನ್ನಡದ ಪದವೇ ಈ ಗೆರೆ ಎಳೆದುಕೊಟ್ಟಿರುವಾಗ ನಾವು ಯಾಕೆ ಅಳಿಸಬೇಕು?

ಬಾಣ ಬಿಟ್ಟ ಮೇಲೆ ಏನಾಗುತ್ತದೆ ಎಂಬಲ್ಲಿ ಜಾಸ್ತಿ ಜಗಳ. ಬಾಣ ತಾಗಲಿ ಬಿಡಲಿ, ಬಿಟ್ಟವರು ಎಲ್ಲಿದ್ದಾರೆಂದು ಗೊತ್ತಾಗಿಬಿಡುತ್ತದೆ. ಇದಕ್ಕೆ ನಾನು ‘ಜಾಗ ಬಯಲಾಯಿತು’ ಎನ್ನುತ್ತೇನೆ, ಎಲ್ಲರೂ ಒಪ್ಪಿದ್ದಾರೆ. ಆದರೆ ಜಾಗ ಬಯಲಾದರೂ ಮರೆ ಉಳಿದಿರುತ್ತದೆ. ದಟ್ಟ ಕಬ್ಬಿನೊಳಗಿನ ಮನುಷ್ಯ ಈಗಲೂ ಕಾಣುವುದಿಲ್ಲ. ಅಂಥವರ ಮೇಲೆ ತಿರುಗಿ ಬಾಣ ಬಿಡುವವರು ಎರಡು ದಾಳದಲ್ಲಿ ಚಿಕ್ಕದನ್ನು ಇಟ್ಟುಕೊಳ್ಳಬೇಕು. ಕಬ್ಬಿನೊಳಗಿನವರು ಅಷ್ಟರಲ್ಲಿ ಸದ್ದಿಲ್ಲದೆ ಜಾಗ ಬದಲಿಸಿದ್ದರೆ ಬರೀ ಅಂದಾಜಿನ ಮೇಲೆ ಬಿಡಬೇಕು. ಅಂದಾಜು ತಪ್ಪಿದರೆ ಗರ ಎಷ್ಟೇ ಬಿದ್ದರೂ ಬಾಣ ಹುಸಿ. ಕತೆ ನಡೆಸುವವರು ‘ತಾಗಲಿಲ್ಲ’ ಎಂದಷ್ಟೇ ಹೇಳಬೇಕು, ಅಂದಾಜು ಸರಿಯಿತ್ತೋ ಇಲ್ಲವೋ ಎಂದು ಬಾಯಿ ಬಿಡಬಾರದು.

ಸದ್ದಿನ ಮೇಲೆ ಗುರಿಯಿಡುವ ಇಂಥ ಹೊಡೆತಕ್ಕೆ ‘ಶಬ್ದವೇಧಿ’ ಎನ್ನಬಹುದೇ ಎಂದು ಮಂಡ್ಯದ ಗೆಳತಿ ಕೇಳಿದ್ದಾರೆ. ದಶರಥ ಕೊಡ ತುಂಬುವ ಸದ್ದು ಕೇಳಿ, ಆನೆ ಎಂದುಕೊಂಡು ಬಾಣ ಬಿಟ್ಟ ಕತೆ ಎಲ್ಲರಿಗೂ ಗೊತ್ತು. ಪದ ನನಗೆ ಬಹಳ ಇಷ್ಟವಾಯಿತು. ಅಡ್ಡಿ ಒಂದೇ. ಶಬ್ದವೇಧಿ ಎಂದರೆ ಕಲಿತು ಪಡೆದ ದೊಡ್ಡ ವಿದ್ಯೆ, ಇಲ್ಲಿ ಆಡುವವರು ಮಾಡುವುದು ಕುರುಡು ಅಂದಾಜು. ಅದೇ ಹೆಸರು ಕೊಟ್ಟರೆ ವಿದ್ಯೆಗೆ ಅನ್ಯಾಯವಾಗುತ್ತದೆ. ಕಾಣದವರ ಮೇಲೂ ಸಲೀಸಾಗಿ ಗುರಿಯಿಡುವ ಶಕ್ತಿ ಯಾವುದಾದರೂ ಪಾತ್ರಕ್ಕೆ ಬಂದಾಗ ಆ ಹೆಸರು ಕೊಡೋಣ ಎಂದು ನನ್ನ ಆಸೆ.

ನಿಮ್ಮಲ್ಲಿ ಕೇಳುವುದು ಇಷ್ಟು. ‘ಅಡ್ಡ’ಕ್ಕಿಂತ ಒಳ್ಳೆಯ ಪದ ಇದೆಯೇ? ‘ಅರ್ಧ ಅಡ್ಡ’ ಎನ್ನುವಾಗ ಅಡ್ಡಡ್ಡ ಮಲಗಿದ ಅರ್ಥ ಬರುತ್ತದೆ ಎಂದು ಒಬ್ಬರು ತಕರಾರು ತೆಗೆದಿದ್ದಾರೆ. ‘ತಡೆ’, ‘ಆಸರೆ’ ಎರಡನ್ನೂ ಯೋಚಿಸಿದೆ. ಆಸರೆಗೆ ನೆರವಿನ ಅರ್ಥ ಜಾಸ್ತಿ. ಇನ್ನೊಂದು, ಬೇಟೆಯವರು ಪ್ರಾಣಿಗಾಗಿ ಅಡಗಿ ಕೂರುವುದಕ್ಕೆ ‘ಮರಸು ಕೂರುವುದು’ ಎನ್ನುತ್ತಾರೆ. ಹುಣಸೂರು, ಎಚ್.ಡಿ. ಕೋಟೆ, ನಾಗಮಂಗಲದ ಕಡೆಯ ಹಿರಿಯರು ‘ಮರಸು’ ಎನ್ನುವುದು ಕೂತ ಜಾಗಕ್ಕೋ, ಕೂರುವ ಕೆಲಸಕ್ಕೋ? ಜಾಗಕ್ಕೆ ಎಂದಾದರೆ ಬಿಲ್ಲುಗಾರರು ಮೊದಲೇ ಸಿದ್ಧಮಾಡಿಟ್ಟುಕೊಂಡ ತಾಣಕ್ಕೆ ಆ ಪದವನ್ನೇ ಇಟ್ಟುಬಿಡುತ್ತೇನೆ. ಮನೆಯಲ್ಲಿ ಹಿರಿಯರಿದ್ದರೆ ಕೇಳಿ, ಅವರು ಹೇಳಿದ ವಾಕ್ಯವನ್ನು ಹಾಗೇ ಬರೆದು ಕಳಿಸಿ.